ದೂರು ಬರೆಯುವ ಮೇಜಿನಲ್ಲಿ ಕಲಿತದ್ದು

ಪೊಲೀಸ್ ಇಲಾಖೆಯಲ್ಲಿ ನನ್ನ ನೌಕರಿಯ ಬಹುಪಾಲು ಕಳೆದದ್ದು ಸ್ಟೇಷನ್ ರೈಟರ್ ಆಗಿ. ಪೊಲೀಸರ ಮೇಲೆ ನಂಬಿಕೆ ಹುಟ್ಟುವುದೂ ಕೆಡುವುದೂ ದೂರು ಬರೆದುಕೊಳ್ಳುವ ಆ ಮೇಜಿನ ಮುಂದೆಯೇ ಎಂಬುದು ಅಲ್ಲಿ ಕೂತು ಕಂಡುಕೊಂಡ ಮಾತು.

ಮಲೆನಾಡಿನ ಒಂದು ಠಾಣೆ. ಅಂಗಳದಲ್ಲಿಟ್ಟ ಒಣ ಅಡಿಕೆ ಕಳುವಾಗಿದೆ ಎಂದು ವಯಸ್ಸಾದ ರೈತರೊಬ್ಬರು ಬಂದರು. ಓದು ಬರಹ ಬಾರದು. ಹೇಳಿದ್ದನ್ನು ಬರೆದು, ನಿಧಾನವಾಗಿ ಓದಿ ಹೇಳಿದೆ. ‘ಮೂರು ಮೂಟೆ’ ಎಂಬಲ್ಲಿ ತಡೆದರು. “ಮೂರನೇದು ತುಂಬಿರಲಿಲ್ಲ ಸಾಹೇಬ್ರೆ, ಎರಡೂವರೆ ಅಂತ ಹಾಕಿ.” ತಿದ್ದಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಎಫ್‌ಐಆರ್ ಪ್ರತಿ ಕೈಗಿಟ್ಟರೆ ಜೇಬಿಗೆ ಕೈ ಹಾಕಿ, “ಎಷ್ಟಾಯ್ತು?” ಅಂದರು. “ದುಡ್ಡೇನೂ ಇಲ್ಲ ಯಜಮಾನ್ರೆ, ಇದು ನಿಮ್ಮದೇ ಕಾಗದ” ಅಂದೆ. ಅಡಿಕೆ ಸಿಗಲೇ ಇಲ್ಲ. ಆದರೂ ಮುಂದೆ ಆ ಭಾಗದಲ್ಲಿ ಗಂಧದ ಮರ ಕಡಿಯುವವರ ಸುಳಿವು ಕೊಟ್ಟವರು ಅವರೇ.

ದೂರನ್ನು ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು ಎಂಬುದು ಹಳೆಯ ಕಾನೂನೇ. ಸಂಜ್ಞೇಯ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವೆಂದು ದೂರಿನಲ್ಲೇ ಕಂಡರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿ ಹೇಳಿತು. ಹಾಗಿದ್ದೂ ‘ನಾಳೆ ಬನ್ನಿ’ ಎನ್ನುವುದೇಕೆ? ಸೋಮಾರಿತನವೂ ಉಂಟು, ಅದಕ್ಕಿಂತ ದೊಡ್ಡ ಕಾರಣ ತಿಂಗಳ ಕ್ರೈಂ ಮೀಟಿಂಗ್. ಪತ್ತೆಯಾಗದ ಕಳವು ಪ್ರಕರಣಗಳು ಹೆಚ್ಚಾದರೆ ಅಲ್ಲಿ ಠಾಣಾಧಿಕಾರಿಗೆ ಮಂಗಳಾರತಿ. ದಾಖಲೇ ಆಗದ ಕಳವಿಗೆ ಯಾರೂ ಲೆಕ್ಕ ಕೇಳುವುದಿಲ್ಲ. ಹಾಗೆ ವಾಪಸಾದವರು ಮುಂದಿನ ಸಲ ಠಾಣೆ ಬಿಟ್ಟು ಪುಢಾರಿಯ ಮನೆಗೆ ಹೋಗುತ್ತಾರೆ. ಸುಳಿವು ಸಿಕ್ಕರೂ ನಮಗೆ ಹೇಳುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ‘ಇದು ನಮ್ಮ ಸರಹದ್ದಲ್ಲ’ ಎಂಬ ನೆಪಕ್ಕೆ ತೆರೆ ಎಳೆದಿದೆ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸಬೇಕೆಂದೂ ಸಂಹಿತೆ ಹೇಳುತ್ತದೆ.

ಹೊಸದಾಗಿ ಸೇರುವ ಹುಡುಗರಿಗೆ ನನ್ನ ಮಾತು ಇಷ್ಟೇ: 90 ದಿನ ಕಾಯಬೇಡಿ. ಆಗಾಗ ನೀವೇ ಫೋನ್ ಮಾಡಿ, ಸುಳಿವು ಸಿಕ್ಕಿಲ್ಲವಾದರೆ ಸಿಕ್ಕಿಲ್ಲ ಎಂದೇ ಹೇಳಿ. ಜನರಿಗೂ ಒಂದು ಮಾತು: ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಬರೆದು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಲು ಕಾನೂನಿನಲ್ಲೇ ದಾರಿಯಿದೆ.