ಅಕ್ಕನ ಜಡೆ ಮತ್ತು ಬೆಲ್ಟ್ ಫ್ರಿಕ್ಷನ್

ಮದುವೆ ಹೆಣ್ಣಿನ ಜಡೆ ಬೆಳಿಗ್ಗೆ ಆರಕ್ಕೆ ಕೂತರೆ ಮಧ್ಯಾಹ್ನದ ಊಟದವರೆಗೂ ಅಲ್ಲಾಡಬಾರದು. ನಡುವೆ ಹೋಮದ ಬಿಸಿ, ಬಾಸಿಂಗದ ದಾರ, ತಲೆ ಮೇಲೆ ಜೀರಿಗೆ-ಬೆಲ್ಲ, ಸಿಕ್ಕ ಸಿಕ್ಕ ಹಿರಿಯರ ಕಾಲಿಗೆ ನಮಸ್ಕಾರ. ಅಂದ್ರೆ ಅದು ಲೋಡ್ ಹೊರುವ ಸ್ಟ್ರಕ್ಚರ್. ಸಿವಿಲ್‌ನವರು ನಗಬೇಡಿ, ಲೆಕ್ಕ ಮುಂದೆ ಬರುತ್ತೆ.

ಬೆಳ್ಳಾವಿಯಲ್ಲಿ ನಮ್ಮಕ್ಕನ ಮದುವೆ. ಮೂರು ವಾರ ಮುಂಚೆ ತುಮಕೂರಿನ ಒಂದು ಪಾರ್ಲರ್‌ನಲ್ಲಿ ಟ್ರಯಲ್ ಆಯ್ತು. ಡೆಂಗ್ಯೂ ಬಂದುಹೋದ ಮೇಲೆ ಅವಳ ಕೂದಲು ತುಂಬಾ ಉದುರಿತ್ತು. ದೊಡ್ಡ ಜ್ವರವಾದ ಎರಡು ಮೂರು ತಿಂಗಳಿಗೆ ಹೀಗಾಗೋದು ಸಾಮಾನ್ಯ. ಹೆಚ್ಚಿನವರಿಗೆ ಮತ್ತೆ ಬೆಳೆಯುತ್ತೆ, ಆದರೆ ತಿಂಗಳಿಗೆ ಸುಮಾರು 1 ಸೆಂ.ಮೀ. ಮಾತ್ರ. ಪಾರ್ಲರ್‌ನವರು ಕರ್ಲರ್‌ನಲ್ಲಿ ಸುರುಳಿ ಮಾಡಿ, ಸ್ಪ್ರೇ ಹೊಡೆದು, ರೆಡಿಮೇಡ್ ಜಡೆ ಸಿಕ್ಕಿಸಿ ಕಳಿಸಿದರು. ಬಸ್ಸು ಊರು ಮುಟ್ಟೋ ಹೊತ್ತಿಗೆ ಸುರುಳಿ ಇಳಿದು, ಜಡೆ ಕತ್ತಿನ ಹತ್ತಿರ ಜೋತುಬಿದ್ದಿತ್ತು. "ಇಷ್ಟು ಕೂದಲಿಗೆ ಇನ್ನೇನು ಮಾಡಕ್ಕಾಗುತ್ತೆ" ಅಂದಿದ್ದರಂತೆ. ಆ ಮಾತನ್ನ ಅಕ್ಕ ಎರಡು ದಿನ ಯಾರಿಗೂ ಹೇಳಲಿಲ್ಲ. ಹೇಳಿದ ದಿನವೇ "ನಾನೇ ಹಾಕ್ಕೋತೀನಿ ಬಿಡು" ಅಂದಳು.

ಸುರುಳಿ ಇಳಿದದ್ದಕ್ಕೆ ಕಾರಣ ಕೂದಲು ಕಡಿಮೆ ಇದ್ದದ್ದಲ್ಲ. ಕೂದಲು ಕೆರಾಟಿನ್ ಅನ್ನೋ ಪ್ರೋಟೀನ್. ಅದರೊಳಗಿನ ಡೈಸಲ್ಫೈಡ್ ಬಂಧ ಗಟ್ಟಿ, ಪರ್ಮಿಂಗ್ ಕೆಮಿಕಲ್‌ಗೆ ಮಾತ್ರ ಬಗ್ಗುತ್ತೆ. ಹೈಡ್ರೋಜನ್ ಬಂಧ ಹಾಗಲ್ಲ. ನೀರು, ಬಿಸಿ ತಾಗಿದರೆ ಬಿಡುತ್ತೆ. ಒಣಗಿ ತಣ್ಣಗಾದಾಗ ಆಗ ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಮತ್ತೆ ಕೂಡುತ್ತೆ. ಕರ್ಲರ್ ಕೆಲಸ ಮಾಡೋದು ಇದರ ಮೇಲೆ. ಸುರುಳಿ ಬಿಸಿ ಇರುವಾಗಲೇ ಕೈಬಿಟ್ಟರೆ ತನ್ನ ತೂಕಕ್ಕೇ ನೆಟ್ಟಗಾಗುತ್ತೆ, ಬೆವರು ತಾಗಿದರೂ ಅಷ್ಟೇ. ಹಿಂದಿನ ರಾತ್ರಿ ಸೆಟ್ ಮಾಡಿಟ್ಟರೂ ಪ್ರಯೋಜನವಿಲ್ಲ, ಬೆಳಿಗ್ಗೆ ಮಂಗಳಸ್ನಾನದ ನೀರು ಎಲ್ಲಾ ಅಳಿಸುತ್ತೆ. ಅದಕ್ಕೇ ನಾಲ್ಕಕ್ಕೆ ಸ್ನಾನ, ಅರೆಒದ್ದೆ ಇರುವಾಗಲೇ ಆರು ಸಣ್ಣ ಜಡೆ, ಡ್ರೈಯರ್‌ನಲ್ಲಿ ಪೂರ್ತಿ ಒಣಗಿಸಿ ತಣ್ಣಗಾದ ಮೇಲೆ ಬಿಚ್ಚೋದು ಅಂತ ತೀರ್ಮಾನವಾಯ್ತು. ಅಲೆ ಬಂದ ಕೂದಲು ದಟ್ಟವಾಗೂ ಕಾಣುತ್ತೆ. ಕಂಡೀಷನರ್ ಬೇಡ, ಎಳೆಗಳು ಜಾರುತ್ತವೆ.

ಇನ್ನು ಮೊಗ್ಗಿನ ಜಡೆ. ಬಾಳೆಪಟ್ಟೆ ಮೇಲೆ ಮಲ್ಲಿಗೆ ಮೊಗ್ಗು, ನಡುವೆ ಕನಕಾಂಬರ ಇಟ್ಟು ದೊಡ್ಡಮ್ಮ ಹೊಲೀತಾರೆ. "ಅರ್ಧ ಕೆಜಿ ತೂಗುತ್ತೆ ಕಣೇ" ಅಂದರು. ಒಂದು ಆರೋಗ್ಯವಂತ ಎಳೆಯೇ ಸುಮಾರು 100 ಗ್ರಾಂ ತಡೆಯುತ್ತೆ, ಹಾಗಾಗಿ ಕೂದಲು ತುಂಡಾಗೋ ಭಯವಿಲ್ಲ. ತೊಂದರೆ ಇರೋದು ಜಾರೋದರಲ್ಲಿ. ಪಾರ್ಲರ್‌ನಲ್ಲಿ ಇಡೀ ತೂಕವನ್ನ ಕತ್ತಿನ ಹತ್ತಿರ ಒಂದೇ ಕಡೆ ನೇತುಹಾಕಿದ್ದರು. ನಾವು ನೆತ್ತಿಯ ಹಿಂದೆ ಸಣ್ಣ ಗಂಟು ಹಾಕಿ ಅಲ್ಲಿಂದ ಇಳಿಬಿಟ್ಟು, ಗೇಣಿಗೊಂದು ಕಡೆ ಅವಳ ಸ್ವಂತ ಜಡೆಗೆ ಕಟ್ಟಿದ್ವಿ.

ಕಟ್ಟೋಕೆ ಸ್ಯಾಟಿನ್ ರಿಬ್ಬನ್ ಬೇಡ, ಕಪ್ಪು ಹತ್ತಿ ದಾರ. ಮೆಕ್ಯಾನಿಕ್ಸ್‌ನ ಬೆಲ್ಟ್ ಫ್ರಿಕ್ಷನ್ ನೆನಪಿಸ್ಕೊಳ್ಳಿ: ಸುತ್ತು ಹೆಚ್ಚಾದಂತೆ ಹಿಡಿತ ಎಕ್ಸ್‌ಪೊನೆನ್ಷಿಯಲ್ ಆಗಿ ಏರುತ್ತೆ. ಘರ್ಷಣಾಂಕ 0.3 ಅಂತಿಟ್ಟುಕೊಂಡರೆ ಒಂದು ಸುತ್ತಿಗೆ ಆರೂವರೆ ಪಟ್ಟು, ಎರಡಕ್ಕೆ 43, ಮೂರಕ್ಕೆ ಸುಮಾರು 285. ಮೂರು ಸುತ್ತು ಹಾಕಿದ ಮೇಲೆ ಕೊನೆಯ ಗಂಟಿಗೆ ಕೆಲಸವೇ ಇರಲ್ಲ. ಕ್ಲಿಪ್‌ಗಳನ್ನ ಒಂದರ ಮೇಲೊಂದು ಅಡ್ಡಡ್ಡ ಹಾಕಿ, ಅಂಕುಡೊಂಕು ಇರೋ ಬದಿ ತಲೆಯ ಕಡೆಗೆ.

ಮದುವೆಗೆ ಒಂದು ವಾರ ಮುಂಚೆ ಮನೆಯಲ್ಲೇ ಎರಡನೇ ಟ್ರಯಲ್. ಉದ್ದನೆ ಸಾಕ್ಸ್‌ಗೆ ಅರ್ಧ ಕೆಜಿ ಅಕ್ಕಿ ತುಂಬಿ ಜಡೆಗೆ ಕಟ್ಟಿಕೊಂಡು ಅಕ್ಕ ನಾಲ್ಕು ಗಂಟೆ ಮನೆಗೆಲಸ ಮಾಡಿದಳು, ಇಪ್ಪತ್ತು ಸಲ ಅಜ್ಜಿ ಕಾಲಿಗೆ ಬಿದ್ದಳು. ಅಜ್ಜಿ ಒಂದು ಸಲವೂ ಆಶೀರ್ವಾದ ತಪ್ಪಿಸಲಿಲ್ಲ. ತಾಳಿ ಕಟ್ಟುವಾಗ ಯಾರಾದರೂ ಜಡೆ ಎತ್ತಿಹಿಡೀಬೇಕು ಅನ್ನೋದು ಆಗಲೇ ಹೊಳೆದದ್ದು. ಕುತ್ತಿಗೆ ಹತ್ತಿರದ ಕ್ಲಿಪ್‌ಗಳನ್ನೆಲ್ಲ ತೆಗೆದು ಮೇಲಕ್ಕೆ ಸಾಗಿಸಿದ್ವಿ.

ಮದುವೆ ದಿನ ಜಡೆ ಊಟ ಮುಗಿದ ಮೇಲೂ ಇದ್ದಲ್ಲೇ ಇತ್ತು. ಬಿಚ್ಚುವಾಗ ಎಳೀಬೇಡಿ: ಮೊದಲು ದಾರ ಕತ್ತರಿಸಿ, ಆಮೇಲೆ ಕ್ಲಿಪ್, ಕೊನೆಗೆ ಎಣ್ಣೆ ಹಚ್ಚಿ ತುದಿಯಿಂದ ಬಾಚೋದು. ಕ್ಲಿಪ್ ಹಾಕುವಾಗಲೇ ಎಣಿಸಿಟ್ಟುಕೊಳ್ಳಿ. ನಾವು ಹಾಕಿದ್ದು 22, ಸಿಕ್ಕಿದ್ದು 21.