ಹಾಲಿನ ಮನೆಯ ಮಕ್ಕಳಿಗೆ ಒಂದು ಓದು: ಪೋಷಣೆ ಮತ್ತು ಗ್ರಾಹಕರ ನಡವಳಿಕೆ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಹಸಿರು ಮೇವು, ಕರುಗಳ ಪಾಲನೆ ಮುಂತಾದ ವಿಷಯಗಳನ್ನು ತಿಳಿಸುತ್ತೇವೆ. ಈ ಬಾರಿ ವಿಷಯ ಸ್ವಲ್ಪ ಬೇರೆ. ಜಗಳೂರು ತಾಲ್ಲೂಕಿನ ಒಂದು ಮಹಿಳಾ ಸಂಘದ ಸಭೆ ಮುಗಿಸಿ ಹೊರಡುವಾಗ ಸದಸ್ಯೆಯೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: "ಡಾಕ್ಟ್ರೇ, ನಮ್ಮುಡುಗಿ ಬಿ.ಎಸ್ಸಿ. ಮುಗ್ಸ್ಯಾಳೆ. ಇನ್ನೂ ಎರಡು ವರ್ಷ ಊಟದ ಮೇಲೆ ಓದ್ತೀನಿ ಅಂತಾಳೆ. ಉಣ್ಣೋದನ್ನೂ ಕಾಲೇಜಿಗೆ ಹೋಗಿ ಕಲೀಬೇಕಾ?" ಸುತ್ತ ಇದ್ದವರು ನಕ್ಕರು. ನಾನೂ ನಕ್ಕು, "ಕಲಿಯಲಿ ಬಿಡಮ್ಮಾ, ಒಳ್ಳೇದೇ" ಎಂದು ಗಾಡಿ ಹತ್ತಿದೆ.

ಅದು ಉತ್ತರವಾಗಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯೂ ಪದವಿ ಮುಗಿಸಿ ಮುಂದೇನು ಎಂದು ಯೋಚಿಸುವ ಮಕ್ಕಳು ನಮ್ಮ ಸದಸ್ಯರ ಮನೆಗಳಲ್ಲಿ ಇದ್ದಾರೆ. ಆದ್ದರಿಂದ ಆ ತಾಯಿಗೆ ಕೊಡಬೇಕಾಗಿದ್ದ ಉತ್ತರವನ್ನು ಎಲ್ಲರಿಗೂ ಇಲ್ಲಿ ಬರೆಯುತ್ತಿದ್ದೇನೆ.

ಇದು ಯಾವ ಓದು?

ಪೋಷಣಾ ಶಾಸ್ತ್ರವೆಂದರೆ ದೇಹಕ್ಕೆ ಯಾವ ಆಹಾರ ಎಷ್ಟು ಬೇಕು, ಅದು ಒಳಗೆ ಹೋಗಿ ಏನು ಮಾಡುತ್ತದೆ ಎಂಬ ವಿಚಾರ. ಗ್ರಾಹಕರ ನಡವಳಿಕೆಯೆಂದರೆ ಜನರು ಯಾವುದನ್ನು ಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ, ಯಾರಿಗೆ ಎಷ್ಟು ಬಡಿಸುತ್ತಾರೆ, ಮತ್ತು ಏಕೆ ಎಂಬ ವಿಚಾರ.

ಇವೆರಡೂ ಒಟ್ಟಿಗೆ ಏಕೆ ಬೇಕು ಎಂಬುದು ಹಸು ಕಟ್ಟಿದವರಿಗೆ ಬೇಗ ತಿಳಿಯುತ್ತದೆ. ಹಸುವಿಗೆ ಇಷ್ಟು ಪಶು ಆಹಾರ, ಇಷ್ಟು ಹಸಿರು ಮೇವು, ಇಷ್ಟು ಒಣಮೇವು ಎಂದು ನಾವು ಚೀಟಿ ಬರೆದು ಕೊಡುತ್ತೇವೆ. ಆದರೆ ಬೆಳಿಗ್ಗೆ ಗೋದಲಿ ನೋಡಿದರೆ ಮೆಕ್ಕೆಜೋಳದ ದಂಟಿನ ಗಟ್ಟಿ ಭಾಗವೆಲ್ಲ ಹಾಗೆಯೇ ಉಳಿದಿರುತ್ತದೆ. ಚೀಟಿಯಲ್ಲಿ ಬರೆದದ್ದು ಬೇರೆ, ಹಸು ತಿಂದದ್ದು ಬೇರೆ. ಹಾಲು ಬರುವುದು ತಿಂದದ್ದರಿಂದಲೇ ಹೊರತು ಬರೆದದ್ದರಿಂದ ಅಲ್ಲ. ಪೋಷಣಾ ಶಾಸ್ತ್ರ ಆ ಚೀಟಿ ಇದ್ದಂತೆ. ಗ್ರಾಹಕರ ನಡವಳಿಕೆಯ ಅಧ್ಯಯನ ಗೋದಲಿಯಲ್ಲಿ ಉಳಿದದ್ದನ್ನು ತೂಗಿ ನೋಡಿದಂತೆ. ಒಂದನ್ನು ಬಿಟ್ಟು ಇನ್ನೊಂದನ್ನು ಕಲಿತರೆ ಕೆಲಸ ಅರ್ಧವೇ.

ನಾನು ಭಾಷಣ ಮಾಡಿ ಸೋತದ್ದು

ಕೆಲವು ವರ್ಷಗಳ ಹಿಂದೆ ಹೊನ್ನಾಳಿ ತಾಲ್ಲೂಕಿನ ಸಂಘವೊಂದರಲ್ಲಿ "ಮಕ್ಕಳಿಗೆ ಹಾಲು" ಎಂಬ ವಿಷಯವಾಗಿ ಅರ್ಧ ಗಂಟೆ ಮಾತನಾಡಿದೆ. ನಾನು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆಯಂತೆ ಒಬ್ಬ ವಯಸ್ಕರಿಗೆ ದಿನಕ್ಕೆ ಸುಮಾರು 300 ಮಿ.ಲೀ. ಹಾಲು ಅಥವಾ ಮೊಸರು ಬೇಕು. 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ ಸುಣ್ಣದ ಅಂಶ ಬೇಕು. 300 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವೂ 10 ಗ್ರಾಂನಷ್ಟು ಪ್ರೋಟೀನೂ ಸಿಗುತ್ತವೆ. ಎಲ್ಲರೂ ತಲೆದೂಗಿದರು. "ಮಕ್ಕಳಿಗೆ ಹಾಲು ಕೊಡುತ್ತೀರಾ?" ಎಂದೆ. "ಕೊಡ್ತೀವಿ ಸಾರ್" ಎಂದರು.

ಮರುದಿನ ಬೆಳಿಗ್ಗೆ ಅದೇ ಸಂಘದಲ್ಲಿ ಹಾಲು ಪರೀಕ್ಷಕರ ಪಕ್ಕ ನಿಂತಿದ್ದೆ. ಎಂದಿನಷ್ಟೇ ಹಾಲು ಬಂತು. ತಾಯಿಯ ಜೊತೆ ಬಂದಿದ್ದ ಮಗುವೊಂದು ಎದುರಿನ ಕಟ್ಟೆಯ ಮೇಲೆ ಕುಳಿತು ಬನ್ನನ್ನು ಕರಿ ಟೀಯಲ್ಲಿ ಅದ್ದಿ ತಿನ್ನುತ್ತಿತ್ತು. ಅವರ ಕ್ಯಾನಿನಲ್ಲಿ ನಾಲ್ಕು ಲೀಟರ್ ಹಾಲಿತ್ತು.

ಮುಂದಿನ ಭೇಟಿಯಲ್ಲಿ ಭಾಷಣ ಬಿಟ್ಟು ಸುಮ್ಮನೆ ಕೂತು, "ಏನು ತೊಂದರೆ, ನೀವೇ ಹೇಳಿ" ಎಂದೆ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಒಬ್ಬ ಸೊಸೆ ಮೆಲ್ಲಗೆ ಹೇಳಿದರು: "ಹಾಲು ಕಡಿಮೆ ಆದ್ರೆ ಬಟವಾಡೇಲಿ ಗೊತ್ತಾಗುತ್ತೆ ಸಾರ್. ಮಗು ಕುಡೀಲಿಲ್ಲ ಅನ್ನೋದು ಯಾವ ಪುಸ್ತಕದಲ್ಲೂ ಬರಲ್ಲ." ಆ ಒಂದು ಮಾತಿನಲ್ಲಿ ನನ್ನ ಅರ್ಧ ಗಂಟೆಯ ಭಾಷಣಕ್ಕಿಂತ ಹೆಚ್ಚಿನ ಪಾಠವಿತ್ತು. ಅವರಿಗೆ ಗೊತ್ತಿಲ್ಲದ್ದು ಸುಣ್ಣದ ಅಂಶವಲ್ಲ. ನನಗೆ ಗೊತ್ತಿಲ್ಲದ್ದು ಅವರ ಮನೆ.

ಆಮೇಲೆ ಅವರವರೇ ಮಾತನಾಡಿಕೊಂಡು, ಕ್ಯಾನು ಹೊರಡುವ ಮೊದಲೇ ಒಂದು ಚೊಂಬು ಹಾಲು ತೆಗೆದಿಡುವುದು, ಅತ್ತೆಯವರ ಕೈಯಿಂದಲೇ ತೆಗೆಸುವುದು ಎಂದು ನಿಶ್ಚಯಿಸಿದರು. ಎಲ್ಲ ಮನೆಗಳಲ್ಲೂ ನಡೆಯಿತು ಎಂದು ಹೇಳಲಾರೆ. ಕೆಲವು ಮನೆಗಳಲ್ಲಿ ನಡೆಯಿತು.

80 ವರ್ಷದ ಹಿಂದಿನ ಒಂದು ಪ್ರಯೋಗ

ನಾನು ಸೋತು ಕಲಿತದ್ದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲೇ ಅಮೆರಿಕದ ಅಯೋವಾದಲ್ಲಿ ಕುರ್ಟ್ ಲೆವಿನ್ ಎಂಬ ಮನಃಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದರು. ಆಗ ಅಲ್ಲಿ ಮಾಂಸದ ಅಭಾವ. ಪ್ರಾಣಿಯ ಹೃದಯ, ಮೂತ್ರಪಿಂಡ ಮುಂತಾದ ಪೌಷ್ಟಿಕ ಭಾಗಗಳನ್ನು ಗೃಹಿಣಿಯರು ಅಡುಗೆಗೆ ಬಳಸುತ್ತಿರಲಿಲ್ಲ. ಕೆಲವು ಗುಂಪುಗಳಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದರು. ಇನ್ನು ಕೆಲವು ಗುಂಪುಗಳಲ್ಲಿ ಗೃಹಿಣಿಯರೇ ಚರ್ಚಿಸಿ, ಕೈ ಎತ್ತಿ ತೀರ್ಮಾನ ಮಾಡುವಂತೆ ಮಾಡಿದರು. ಆಮೇಲೆ ವಿಚಾರಿಸಿದಾಗ ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 3 ಮಂದಿ ಮಾತ್ರ ಹೊಸದಾಗಿ ಬಳಸಿದ್ದರು. ಚರ್ಚಿಸಿ ತೀರ್ಮಾನಿಸಿದವರಲ್ಲಿ ನೂರಕ್ಕೆ 32 ಮಂದಿ ಬಳಸಿದ್ದರು. ಮನೆಗಳಲ್ಲಿ ಹಾಲಿನ ಬಳಕೆ ಹೆಚ್ಚಿಸುವ ವಿಷಯದಲ್ಲೂ ಇಂಥದೇ ಪ್ರಯೋಗ ನಡೆದು, ಅಲ್ಲಿಯೂ ಚರ್ಚೆಯ ಗುಂಪುಗಳೇ ಮುಂದಿದ್ದವು.

ಲೆವಿನ್ ಇನ್ನೊಂದು ಮಾತನ್ನೂ ಹೇಳಿದರು. ಆಹಾರ ತಟ್ಟೆಗೆ ಬರುವ ದಾರಿಯಲ್ಲಿ ಹಲವು ಬಾಗಿಲುಗಳಿವೆ, ಒಂದೊಂದು ಬಾಗಿಲನ್ನೂ ಒಬ್ಬರು ಕಾಯುತ್ತಾರೆ, ಮೊದಲು ಅವರು ಯಾರೆಂದು ತಿಳಿಯಬೇಕು. ನಮ್ಮ ಹಾಲಿನ ದಾರಿಯಲ್ಲಿ ಬಾಗಿಲು ಕಾಯುವವರು ಯಾರು? ಕರೆಯುವ ಸೊಸೆಯೇ, ಪಾಸ್ ಪುಸ್ತಕ ಹಿಡಿದ ಅತ್ತೆಯೇ, ಬಟವಾಡೆ ತರುವ ಯಜಮಾನರೇ? ಒಂದೊಂದು ಮನೆಗೆ ಒಂದೊಂದು ಉತ್ತರ. ಆ ಉತ್ತರ ಹುಡುಕುವುದೇ ಈ ಓದಿನ ಕೆಲಸ.

ಎರಡು ವರ್ಷ ಏನು ಕಲಿಸುತ್ತಾರೆ?

1. ದೇಹದ ರಚನೆ, ಜೀವರಸಾಯನ, ಯಾವ ವಯಸ್ಸಿಗೆ ಎಷ್ಟು ಪೋಷಕಾಂಶ ಬೇಕೆಂಬ ಲೆಕ್ಕ.

2. ಆಹಾರದ ಗುಣ. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರ ಪದಾರ್ಥಗಳ ಪೋಷಕಾಂಶ ಪಟ್ಟಿ ಪ್ರಕಟಿಸಿದೆ. ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ, ಸುಣ್ಣದ ಅಂಶದಲ್ಲಿ ನಮ್ಮ ರಾಗಿಯೂ ಮುಂದಿದೆ ಎಂಬಂಥ ಸಂಗತಿಗಳು ಅದರಲ್ಲಿ ಸ್ಪಷ್ಟವಾಗುತ್ತವೆ. ಹಾಲೊಂದೇ ಎಲ್ಲಕ್ಕೂ ಮದ್ದಲ್ಲ ಎಂದು ಹಾಲಿನವರೇ ತಿಳಿದಿರಬೇಕು.

3. ಆಹಾರ ಸಮೀಕ್ಷೆ. ಹಿಂದಿನ 24 ಗಂಟೆಯಲ್ಲಿ ತಿಂದದ್ದನ್ನು ಕೇಳಿ ಬರೆಯುವುದು, ಪಾತ್ರೆ ಅಳೆದು ತೂಗುವುದು. ನಾನು ಕೇಳಿದ ಹಾಗೆ "ಹಾಲು ಕೊಡುತ್ತೀರಾ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. "ನಿನ್ನೆ ಬೆಳಿಗ್ಗೆ ಎದ್ದ ಮೇಲೆ ಮಗು ಮೊದಲು ಏನು ಕುಡಿಯಿತು? ಯಾವ ಲೋಟದಲ್ಲಿ?" ಎಂದು ಕೇಳಬೇಕು. ಪ್ರಶ್ನೆ ಕೇಳುವುದೂ ಒಂದು ವಿದ್ಯೆ.

4. ರುಚಿ, ವಾಸನೆ, ಬಣ್ಣಗಳನ್ನು ಜನರಿಂದ ಅಂಕ ಹಾಕಿಸಿ ಅಳೆಯುವುದು. ಬೆಲೆ, ಪ್ಯಾಕೆಟ್ಟು, ಲೇಬಲ್ಲು, ಜಾಹೀರಾತುಗಳ ಪರಿಣಾಮ.

5. ಸಂಖ್ಯಾಶಾಸ್ತ್ರ, ಮತ್ತು ಕೊನೆಯಲ್ಲಿ ಸ್ವಂತ ಸಂಶೋಧನೆಯ ಪ್ರಬಂಧ.

ನಮ್ಮ ತಾಲ್ಲೂಕುಗಳೇ ಪಾಠಶಾಲೆ

ಪ್ರಬಂಧಕ್ಕೆ ವಿಷಯ ಹುಡುಕಿಕೊಂಡು ಬೆಂಗಳೂರಿನ ಅಂಗಡಿ ಬೀದಿಗಳಿಗೆ ಹೋಗಬೇಕಿಲ್ಲ. ಮಳೆಯನ್ನೇ ನಂಬಿದ ಜಗಳೂರಿನಲ್ಲಿ, ಬರದ ವರ್ಷ ಮನೆಗೆ ಉಳಿಸುವ ಹಾಲು ಎಷ್ಟು ಇಳಿಯುತ್ತದೆ, ಮೊದಲು ಯಾರ ಲೋಟ ಖಾಲಿಯಾಗುತ್ತದೆ? ಅಡಿಕೆಯ ಚನ್ನಗಿರಿಯಲ್ಲಿ ಕೈಯಲ್ಲಿ ಹಣವಿದ್ದರೂ ಕೊಟ್ಟಿಗೆ ಏಕೆ ಖಾಲಿಯಾಗುತ್ತಿದೆ, ಆ ಮನೆಗಳು ಈಗ ಯಾವ ಹಾಲು ಕೊಳ್ಳುತ್ತವೆ? ಹೊನ್ನಾಳಿ ಪೇಟೆಯಲ್ಲಿ "ಗಟ್ಟಿ ಹಾಲೇ ಒಳ್ಳೆಯ ಹಾಲು" ಎನ್ನುವವರು ನೀಲಿ ಪ್ಯಾಕೆಟ್ಟಿನ ಶೇ. 3 ಜಿಡ್ಡಿನ ಹಾಲನ್ನು ನೀರು ಹಾಲೆಂದು ಏಕೆ ತಿಳಿಯುತ್ತಾರೆ? ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ನ್ಯಾಮತಿಯ ಶಾಲೆಗಳಲ್ಲಿ ಯಾವ ಮಕ್ಕಳು ಲೋಟದಲ್ಲಿ ಹಾಲು ಉಳಿಸುತ್ತಾರೆ: ಕೆನೆಗೋ, ವಾಸನೆಗೋ, ಬಿಸಿಗೋ?

ಕೊನೆಯ ಪ್ರಶ್ನೆ ಸಣ್ಣದಲ್ಲ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು ಮಾಡಿ ಪ್ರತಿ ಮಗುವಿಗೆ ಕೊಡುವ ಲೆಕ್ಕ ಇಡಲಾಯಿತು. ಆ ಪುಡಿ ನೀವು ಹಾಕಿದ ಹಾಲಿನದೇ. ಪುಡಿ ಎಷ್ಟು ಹೋಯಿತೆಂದು ದಾಸ್ತಾನು ಪುಸ್ತಕ ಹೇಳುತ್ತದೆ. ಮಗುವಿನ ಹೊಟ್ಟೆಗೆ ಎಷ್ಟು ಹೋಯಿತೆಂದು ಹೇಳಲು ಕಲಿತವರೊಬ್ಬರು ಶಾಲೆಯಲ್ಲಿ ಕೂತು ನೋಡಬೇಕು.

ಎಲ್ಲಿ ಓದಬಹುದು?

ಈ ಎರಡೂ ಹೆಸರು ಒಟ್ಟಿಗಿರುವ ಪದವಿ ನಮ್ಮಲ್ಲಿ ಅಪರೂಪ. ಒಂದನ್ನು ಮುಖ್ಯವಾಗಿ ಹಿಡಿದು ಇನ್ನೊಂದನ್ನು ಪ್ರಬಂಧದಲ್ಲಿ ಸೇರಿಸಿಕೊಳ್ಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ಎಂ.ಎಸ್ಸಿ. ಇದೆ. ಧಾರವಾಡ ಮತ್ತು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲೂ ಈ ವಿಷಯದ ಸ್ನಾತಕೋತ್ತರ ವ್ಯಾಸಂಗವಿದೆ. ಹಾಲಿನ ತಂತ್ರಜ್ಞಾನವೇ ಬೇಕೆನ್ನುವವರಿಗೆ ಬೆಂಗಳೂರು ಹೆಬ್ಬಾಳದ ಹೈನು ವಿಜ್ಞಾನ ಮಹಾವಿದ್ಯಾಲಯವಿದೆ. 1918ರಲ್ಲಿ ಕೂನೂರಿನಲ್ಲಿ ಸಣ್ಣದಾಗಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಪಾಠ ಹೇಳುತ್ತದೆ. ಮಾರುಕಟ್ಟೆಯ ಕಡೆ ಒಲವಿದ್ದರೆ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ., ಎಂ.ಬಿ.ಎ. ಇವೆ. ಗುಜರಾತಿನ ಆಣಂದಿನಲ್ಲಿ 1979ರಲ್ಲಿ ಸ್ಥಾಪನೆಯಾದ ಗ್ರಾಮೀಣ ನಿರ್ವಹಣಾ ಸಂಸ್ಥೆಯೂ ಇದೆ.

ಸೇರುವ ಮುನ್ನ ಇವುಗಳನ್ನು ವಿಚಾರಿಸಿ: ಮಗಳ ಪದವಿಗೆ ಅಲ್ಲಿ ಪ್ರವೇಶ ಉಂಟೇ? ಪದವಿಗೆ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ? ಹಳ್ಳಿಗೆ ಹೋಗಿ ಮಾಡುವ ಸಮೀಕ್ಷೆ ಪಾಠಕ್ರಮದಲ್ಲಿದೆಯೇ? ಹಾಸ್ಟೆಲ್, ಶುಲ್ಕ, ವಿದ್ಯಾರ್ಥಿವೇತನ ಹೇಗೆ? ಮುಗಿಸಿದವರಿಗೆ ಆಸ್ಪತ್ರೆಗಳ ಪಥ್ಯಾಹಾರ ವಿಭಾಗ, ಆಹಾರ ಕಂಪನಿಗಳು, ಬೋಧನೆ, ಸಂಶೋಧನೆ, ಹಾಲು ಮಾರಾಟ ಮುಂತಾದ ಕಡೆ ದಾರಿಗಳಿವೆ. ಕೆಲಸ ಸಿದ್ಧವಾಗಿ ಕಾದಿರುತ್ತದೆ ಎಂದು ಭರವಸೆ ಕೊಡುವ ಸಂಸ್ಥೆಯನ್ನು ಮಾತ್ರ ಎರಡು ಸಲ ಯೋಚಿಸಿ ಸೇರಿ.

ಮನೆಯಲ್ಲೇ ಮೊದಲ ಪಾಠ

ಓದಬೇಕೆನ್ನುವ ಮಕ್ಕಳಿಗೆ ಒಂದು ಕೆಲಸ. ಒಂದು ನೋಟ್ ಪುಸ್ತಕದಲ್ಲಿ ಏಳು ದಿನ ಬರೆಯಿರಿ: ಕರೆದ ಹಾಲೆಷ್ಟು, ಸಂಘಕ್ಕೆ ಹಾಕಿದ್ದೆಷ್ಟು, ಮನೆಗೆ ಉಳಿದದ್ದೆಷ್ಟು, ಅದನ್ನು ಯಾರು ಯಾರು ಎಷ್ಟು ಕುಡಿದರು. ಯಾರನ್ನೂ ಟೀಕಿಸಬೇಡಿ, ಸುಮ್ಮನೆ ಬರೆಯಿರಿ. ಎಂಟನೆಯ ದಿನ ಮನೆಯವರೆಲ್ಲ ಕೂತಾಗ ಓದಿ ಹೇಳಿ. ಆಗ ಏಳುವ ಮಾತುಗಳೇ ಈ ಶಾಸ್ತ್ರದ ಮೊದಲ ಪಾಠ.

ಒಕ್ಕೂಟದ ಅಧಿಕಾರಿಯೇ ಹಾಲು ಕಡಿಮೆ ಹಾಕಿ ಎನ್ನುತ್ತಾರೆಯೇ ಎಂದು ನೀವು ಕೇಳಬಹುದು. ಮನೆಗೆ ಒಂದು ಚೊಂಬು ಹಾಲು ಉಳಿದರೆ ಸಂಘ ಮುಳುಗುವುದಿಲ್ಲ. ಹಾಲಿನ ಬೆಲೆಯೇನೆಂದು ಹಾಲು ಕುಡಿದು ಬೆಳೆದ ಮಕ್ಕಳಿಗೇ ಚೆನ್ನಾಗಿ ಗೊತ್ತು. ನಾಳೆ ನಮ್ಮ ಹಾಲನ್ನು ಕೊಳ್ಳುವವರೂ ಅವರೇ.

ಜಗಳೂರಿನ ಆ ತಾಯಿ ಇದನ್ನು ಓದಿದರೆ ನನ್ನ ಉತ್ತರ ಇಷ್ಟು: ಅಮ್ಮಾ, ಉಣ್ಣುವುದನ್ನು ಕಲಿಯಲು ಕಾಲೇಜು ಬೇಡ. ಯಾರ ಮನೆಯಲ್ಲಿ ಯಾರು ಉಣ್ಣದೆ ಉಳಿದಿದ್ದಾರೆ, ಏಕೆ ಉಳಿದಿದ್ದಾರೆ ಎಂದು ತಿಳಿಯಲು ಕಾಲೇಜು ಬೇಕು. ಮಗಳನ್ನು ಕಳಿಸಿಕೊಡಿ.

ನಿಮ್ಮ ಮಕ್ಕಳ ನೋಟ್ ಪುಸ್ತಕಗಳನ್ನು ಮುಂದಿನ ಸಭೆಗೆ ತನ್ನಿ. ವಿಸ್ತರಣಾಧಿಕಾರಿ ಬಂದಾಗ ಕೂತು ನೋಡೋಣ.