ಹಾಜರಿ ಯಾರ ಕೈಯಲ್ಲಿದೆ?

ಗಾರೆ ಕೆಲಸಕ್ಕೆ ಕೈ ಹಚ್ಚಿದ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಕಡೆ ಗೋಡೆ ಎತ್ತಿದ್ದೇನೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಎಲ್ಲರಂತೆ ಬೆಂಗಳೂರಿಗೂ ಗುಳೆ ಹೋಗಿದ್ದೇನೆ. ಕೈಹಿಡಿದು ಬದುಕಿಸಿದ ಧಣಿಗಳನ್ನು ಕಂಡಿದ್ದೇನೆ, ಕೂಲಿ ನುಂಗಿದವರನ್ನೂ ಕಂಡಿದ್ದೇನೆ. ಮೊದಲ ದಿನದ ಮಾತು ಕೇಳಿ ಇವರಿಬ್ಬರನ್ನು ಬೇರೆ ಮಾಡಲಾಗದು. ನುಂಗುವವನ ಮಾತೇ ಬಹಳ ಸಲ ಮೆತ್ತಗಿರುತ್ತದೆ. ಹಾಜರಿ ಎಲ್ಲಿ ಬರೆಯುತ್ತಾನೆ, ಬಟವಾಡೆ ಯಾವತ್ತು ಮಾಡುತ್ತಾನೆ, ಇಷ್ಟು ತಿಳಿದುಕೊಂಡರೆ ಅವನ ಬಣ್ಣ ತಿಳಿಯುತ್ತದೆ.

ನನಗೆ ಕರಣೆ ಹಿಡಿಯಲು ಕಲಿಸಿದವರು ಕೊಟ್ಟೂರಿನ ಒಬ್ಬ ಮೇಸ್ತ್ರಿ. ಸಂತೆಯ ಹಿಂದಿನ ಸಂಜೆ ಸಿಮೆಂಟ್ ಚೀಲದ ಮೇಲೆ ಕೂತು ಹಾಜರಿ ಪುಸ್ತಕ ಬಿಚ್ಚುತ್ತಿದ್ದರು. ದಿನಕ್ಕೊಂದು ನೆಟ್ಟ ಗೀಟು, ಅರ್ಧ ದಿನಕ್ಕೆ ಅಡ್ಡ ಗೀಟು. ಪುಸ್ತಕವನ್ನು ನಮ್ಮ ಕೈಗೇ ಕೊಟ್ಟು, “ನಿಂದು ನೀನ ಎಣಿಸಪ್ಪ ತಮ್ಮಾ” ಎನ್ನುತ್ತಿದ್ದರು. ಅಕ್ಷರ ಬಾರದ ಹೆಣ್ಣಾಳುಗಳೂ ತಮ್ಮ ಗೀಟುಗಳ ಮೇಲೆ ಬೆರಳಿಟ್ಟು ಎಣಿಸುತ್ತಿದ್ದರು. ಮೊದಲ ಬಟವಾಡೆ ಅವರಿಗೇ, ಏಕೆಂದರೆ ಮನೆಗೆ ಸಂತೆ ಮಾಡುವವರು ಅವರು. ಮನೆ ಮಾಲೀಕರಿಂದ ದುಡ್ಡು ಬಾರದ ವಾರ ಮೇಸ್ತ್ರಿ ಕೈಗಡ ತಂದು ಕೊಟ್ಟದ್ದನ್ನು ನೋಡಿದ್ದೇನೆ. ಕೆಲಸದಲ್ಲಿ ಮಾತ್ರ ಬಹಳ ಬಿಗಿ. ತೂಕದ ಗುಂಡು ಇಳಿಬಿಟ್ಟಾಗ ಗೋಡೆ ದಾರಕ್ಕೆ ತುಸು ಓರೆಯಾಗಿ ಕಂಡರೂ, ಗಾರೆ ಹಸಿ ಇರುವಾಗಲೇ ಮೇಲಿನ ವರಸೆಗಳನ್ನೆಲ್ಲ ಕೀಳಿಸುತ್ತಿದ್ದರು. ಆದರೆ ಅದಕ್ಕಾಗಿ ಯಾರ ಗೀಟನ್ನೂ ಅಳಿಸಿದವರಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಅಂಗಡಿ ಮಳಿಗೆ ಕಟ್ಟಿಸಿದವರೊಬ್ಬರು ಕೊನೆಯ ವಾರ ಪ್ಲಾಸ್ಟರಿನಲ್ಲಿ ಹುಳುಕು ತೆಗೆದು ಬಾಕಿ ನಿಲ್ಲಿಸಿದರು. ಅಲ್ಲಿಂದೀಚೆಗೆ ಚದರದ ಲೆಕ್ಕದ ಕೆಲಸವಾದರೆ ವಾರವಾರವೂ ಮಾಲೀಕರ ಎದುರಿಗೇ ಟೇಪು ಹಿಡಿದು ಅಳತೆ ಬರೆಸುತ್ತೇನೆ.

ಹರಪನಹಳ್ಳಿಯ ಅನುಭವ ಬೇರೆ ತರಹದ್ದು. ಸರ್ಕಾರಿ ಕಟ್ಟಡದ ಗುತ್ತಿಗೆದಾರ, ಒರಟನಲ್ಲ, ಕಳ್ಳನೂ ಅಲ್ಲ. ಯಾವಾಗ ಕೇಳಿದರೂ “ಬಿಲ್ ಆಗಿಲ್ಲಪ್ಪ” ಎನ್ನುತ್ತಿದ್ದ. 2018ರಲ್ಲಿ ತಾಲ್ಲೂಕು ದಾವಣಗೆರೆ ಬಿಟ್ಟು ಬಳ್ಳಾರಿ ಜಿಲ್ಲೆಗೆ ಮರಳಿದಾಗ, ಫೈಲು ಬಳ್ಳಾರಿಗೆ ಹೋಗಿದೆ ಎಂದ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ, ಇನ್ನು ಹೊಸಪೇಟೆಯಲ್ಲಿ ಆಗಬೇಕು ಎಂದ. ಅವನು ಹೇಳಿದ್ದು ನಿಜವೇ ಇರಬಹುದು. ಆದರೂ ಬಿಲ್ಲು ತಡವಾಗುವುದು ಗುತ್ತಿಗೆ ಹಿಡಿದವನ ಕಷ್ಟ. ಅದನ್ನು ಕಲ್ಲು ಹೊತ್ತವಳ ತಲೆಗೆ ಕಟ್ಟುವುದು ಅನ್ಯಾಯ, ಈ ಮಾತನ್ನು ಅವನ ಮುಖಕ್ಕೇ ಹೇಳಿ ಬಂದಿದ್ದೇನೆ.

ಇನ್ನು ಬೆಂಗಳೂರು. ಕೊಟ್ಟೂರೇಶ್ವರನ ತೇರಿಗೆ ಗುಳೆ ಹೋದವರೆಲ್ಲ ಊರಿಗೆ ಬರುತ್ತಾರೆಂದು ಸಬ್ ಕಾಂಟ್ರ್ಯಾಕ್ಟರುಗಳಿಗೂ ಗೊತ್ತು. ತೇರು ಮುಗಿಯುವ ಹೊತ್ತಿಗೆ ಮುಂಗಡ ಹಿಡಿದುಕೊಂಡು ಬರುತ್ತಾರೆ. ಅಂಥವನೊಬ್ಬನ ಹಿಂದೆ ನಾವೊಂದು ಗುಂಪು ಹೋದೆವು. ಕೂಲಿ ನಮ್ಮ ಕಡೆಗಿಂತ ಹೆಚ್ಚಿತ್ತು. ಆದರೆ ವಾರಕ್ಕೊಮ್ಮೆ ಕೈಗೆ ಸಿಗುತ್ತಿದ್ದುದು ಖರ್ಚಿನ ದುಡ್ಡು ಮಾತ್ರ, ಉಳಿದದ್ದು “ಲೆಕ್ಕದಾಗ ಐತಿ”. ಆ ಲೆಕ್ಕ ಅವನ ಫೋನಿನೊಳಗಿತ್ತು. ಯುಗಾದಿಗೆ ಚುಕ್ತಾ ಮಾಡುತ್ತೇನೆಂದಿದ್ದ. ಆ ಯುಗಾದಿ 2020ರ ಮಾರ್ಚ್ 25ಕ್ಕೆ ಬಂತು, ಲಾಕ್‌ಡೌನಿನ ಮೊದಲ ದಿನ. ಅವನ ಫೋನು ಸ್ವಿಚ್ ಆಫ್ ಆಯಿತು. ಶೆಡ್ಡಿನಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟ ಅಕ್ಕಿ ಬೇಯಿಸಿಕೊಂಡು, ಮೇ ತಿಂಗಳ ಮೊದಲ ವಾರ ಸರ್ಕಾರ ಬಿಟ್ಟ ಉಚಿತ ಬಸ್ಸು ಹತ್ತಿ ಊರು ಸೇರಿದೆವು. ಬಾಕಿ ಇವತ್ತಿಗೂ ಬಂದಿಲ್ಲ.

ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಇದನ್ನು ತಿಳಿದವರೊಬ್ಬರು ಆಮೇಲೆ ಹೇಳಿದರು. ಆದರೆ ಕೇಳುವುದಕ್ಕೆ ನಮ್ಮಲ್ಲಿ ಒಂದು ಚೀಟಿಯೂ ಇರಲಿಲ್ಲ. ಎಷ್ಟು ದಿನ ದುಡಿದೆವು ಎಂಬುದಕ್ಕಿದ್ದ ಒಂದೇ ಸಾಕ್ಷಿ ಆ ಆಫಾದ ಫೋನು.

ಆ ಬೇಸಿಗೆಯಲ್ಲಿ ನನ್ನ ಮನೆಗೆ ಆಸರೆಯಾದದ್ದು ಹಡಗಲಿಯ ಒಬ್ಬ ಮಾಸ್ತರರ ಸಹಿ. ಕೆಲವು ವರ್ಷ ಹಿಂದೆ ಅವರ ಮನೆ ಕಟ್ಟಿದ್ದೆವು. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಪತ್ರ ಬೇಕು. ಅರ್ಜಿ ಹಿಡಿದು ಹೋದರೆ ಎಷ್ಟೋ ಮಾಲೀಕರು ಬಾಗಿಲಲ್ಲೇ ಹಿಂಜರಿಯುತ್ತಾರೆ, ಸಹಿ ಹಾಕಿದರೆ ಸೆಸ್ ಕಟ್ಟು ಎಂದು ಬಂದಾರು ಎಂಬ ಅಂಜಿಕೆ. ಸೆಸ್ ಇರುವುದು ಕಟ್ಟಡದ ವೆಚ್ಚದ ಶೇ 1ರಷ್ಟು. ಸ್ವಂತ ವಾಸಕ್ಕೆ 10 ಲಕ್ಷದೊಳಗೆ ಕಟ್ಟಿಸಿದ ಮನೆಗೆ 1996ರ ಕಾಯ್ದೆಯಲ್ಲಿ ಅದೂ ಇರಲಿಲ್ಲ. ಮಾಸ್ತರರು ಅರ್ಜಿಯನ್ನು ಪೂರ್ತಿ ಓದಿ, ಒಳಗಿನಿಂದ ತಮ್ಮ ಡೈರಿ ತಂದು, ನಾವು ಬಂದ ತಾರೀಖುಗಳನ್ನು ತಾಳೆ ನೋಡಿ, ಗುಂಪಿನವರೆಲ್ಲರ ಅರ್ಜಿಗೂ ಸಹಿ ಹಾಕಿಕೊಟ್ಟರು. “ನೀವು ದುಡಿದದ್ದು ಖರೆ, ಬರದು ಕೊಡಾಕ ನನಗೇನು ತ್ರಾಸು?” ಎಂದರು. 2020ರಲ್ಲಿ ನೋಂದಾಯಿತ ಕಟ್ಟಡ ಕಾರ್ಮಿಕರ ಖಾತೆಗೆ 5,000 ರೂಪಾಯಿ ಹಾಕಿದಾಗ ನನಗೂ ಬಂತು. ಬೆಂಗಳೂರಿನ ಧಣಿ ತಿಂಗಳುಗಟ್ಟಲೆ ದುಡಿಸಿಕೊಂಡು ಕೊಡದೆ ಹೋದ ಹೊತ್ತಿಗೆ, ಎಂದೋ ಕೆಲಸ ಮುಗಿಸಿ ಬಂದಿದ್ದ ಮನೆಯ ಯಜಮಾನರ ಸಹಿಯಿಂದ ನಮ್ಮ ಮನೆಗೆ ಜೋಳ ಬಂತು.

ಈಗ ನನ್ನ ಕೈಕೆಳಗೂ ಹುಡುಗರಿದ್ದಾರೆ. ಅವರವರ ಹಾಜರಿಯನ್ನು ಅವರವರ ಪುಸ್ತಕದಲ್ಲೇ ಬರೆಸಿ, ವಾರಕ್ಕೊಮ್ಮೆ ಅದರ ಕೆಳಗೆ ನಾನು ಸಹಿ ಹಾಕುತ್ತೇನೆ. ನಮ್ಮ ಕಡೆ ಮನೆ ಕಟ್ಟಿಸುವವರಲ್ಲಿ ಒಂದು ಕೋರಿಕೆ ಇದೆ. ಮೇಸ್ತ್ರಿಗೆ ದುಡ್ಡು ಕೊಟ್ಟ ವಾರ, ಬಟವಾಡೆ ಆಯಿತೇ ಎಂದು ಆಳುಗಳನ್ನೂ ಒಂದು ಮಾತು ಕೇಳಿ. ಅವರು ಕಾರ್ಡಿನ ಅರ್ಜಿ ಹಿಡಿದು ಬಾಗಿಲಿಗೆ ಬಂದರೆ, ದಿನಗಳನ್ನು ತಾಳೆ ನೋಡಿ ಸಹಿ ಹಾಕಿ ಕಳಿಸಿ.